ಕೈತುಂಬ ಕೆಲಸ ಹಿಡಿಯಬೇಡಿ

ಚಿಕ್ಕಲಸಂದ್ರದಿಂದ ಬೆಳಿಗ್ಗೆ ಆಫೀಸಿಗೆ ಓಡುವವರೇ, ಬಂದ ಕೆಲಸಕ್ಕೆಲ್ಲ ‘ಹೂಂ’ ಎಂದು ಎಲ್ಲವನ್ನೂ ಒಟ್ಟಿಗೆ ಶುರು ಮಾಡುವ ಅಭ್ಯಾಸ ಬಿಡಿ. ಬಹಳ ಮಂದಿ ಎಡವುವುದು ಇಲ್ಲೇ.

ಏಕೆ ಎಂಬುದಕ್ಕೆ ಸರಕು ಸಾಗಣೆಯವರು ನೆಚ್ಚುವ ಲೆಕ್ಕವೊಂದಿದೆ. 1961ರಲ್ಲಿ ಸಂಶೋಧಕ ಜಾನ್ ಲಿಟಲ್ ಅದನ್ನು ಸಾಧಿಸಿ ತೋರಿಸಿದರು. ದಿನಕ್ಕೆ 3 ಕೆಲಸ ಮುಗಿಸುವವರ ಕೈಯಲ್ಲಿ ಸದಾ 12 ಇದ್ದರೆ, ಒಂದೊಂದೂ ಮುಗಿಯಲು ಸರಾಸರಿ 4 ದಿನ. ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ 2 ದಿನ ಸಾಕು. ದುಡಿಮೆ ಅಷ್ಟೇ, ಕಾಯುವುದು ಮಾತ್ರ ಅರ್ಧ!

ಬಿಡದಿಯಲ್ಲಿ ಕಾರು ತಯಾರಿಸುವ ಟೊಯೋಟಾದ ಪದ್ಧತಿಯೂ ಇದೇ: ಬಿಡಿಭಾಗ ಬೇಕಾದ ಹೊತ್ತಿಗೆ ಬರಬೇಕು, ರಾಶಿ ಬೀಳಬಾರದು.

ನಿಮ್ಮಲ್ಲೂ ಕೆಲಸ ರಾಶಿ ಬೀಳದಿರಲು ಇಮೇಲ್‌ಗಳನ್ನು ಗೊತ್ತುಮಾಡಿದ ಹೊತ್ತಿನಲ್ಲಿ ಒಟ್ಟಾಗಿ ನೋಡಿ. ದಿನವನ್ನು ಕಿಕ್ಕಿರಿಯುವಂತೆ ತುಂಬಬೇಡಿ, ಒಂದು ಗಂಟೆಯಾದರೂ ಖಾಲಿ ಇರಲಿ. ಮೇಲಿನವರು ಹೊಸ ಕೆಲಸ ಕೊಟ್ಟರೆ, ಯಾವುದನ್ನು ಬದಿಗಿಡಲಿ ಎಂದು ಅಲ್ಲೇ ಕೇಳಿಬಿಡಿ.