ಮಾಂಸದ ಪಾತ್ರೆಗೆ ಮನೆಯ ಸೊಪ್ಪು

“ಹಕೀಮ್ ಸಾಹೇಬ್, ಪರ್‌ಹೇಜ್ ಏನು?”

ಔಷಧದ ಚೀಟಿ ಕೈಗೆ ಬರುವ ಮೊದಲೇ ನಮ್ಮವರು ಕೇಳುವ ಪ್ರಶ್ನೆ ಇದು. ಏನನ್ನು ಬಿಡಬೇಕು ಎಂಬ ಕಾಳಜಿ ಒಳ್ಳೆಯದೇ. ಆದರೆ ಏನನ್ನು ತಿನ್ನಬೇಕು ಎಂದು ಕೇಳುವವರು ಅಪರೂಪ. “ಕಳೆದ ವಾರ ಎಷ್ಟು ದಿನ ಸೊಪ್ಪು ಮಾಡಿದಿರಿ?” ಎಂದು ನಾನೇ ಕೇಳಿದರೆ, ಹೆಚ್ಚಿನ ಮನೆಗಳ ಉತ್ತರ ಬಿರಿಯಾನಿಯ ಮೇಲೆ ಉದುರಿಸಿದ ಕೊತ್ತಂಬರಿ ಮತ್ತು ಕಬಾಬಿನ ಜೊತೆಗಿನ ಪುದೀನ ಚಟ್ನಿಯಲ್ಲಿ ಮುಗಿದುಹೋಗುತ್ತದೆ. ಮಲಬದ್ಧತೆ, ಮೂಲವ್ಯಾಧಿ, ಹೊಟ್ಟೆಯುರಿ, ನಲವತ್ತಕ್ಕೆ ಮೊದಲೇ ಬರುವ ಸಕ್ಕರೆ ಕಾಯಿಲೆ, ಹೆಣ್ಣುಮಕ್ಕಳ ರಕ್ತಹೀನತೆ ಹೀಗೆ ನಮ್ಮಲ್ಲಿಗೆ ಬರುವ ದೂರುಗಳ ಪಟ್ಟಿಯನ್ನೂ ಈ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ. ಐದು ಮಂದಿಯ ಮನೆಗೆ ಅದು ದಿನಕ್ಕೆ ಎರಡು ಕಿಲೋ ಆಯಿತು. ತಾರಸಿಯ ಹತ್ತು ಕುಂಡಗಳಿಂದ ದಿನವೂ ಎರಡು ಕಿಲೋ ಬರುವುದಿಲ್ಲ, ಅಂಥ ಆಸೆ ಹುಟ್ಟಿಸಲು ನಾನು ಇದನ್ನು ಬರೆಯುತ್ತಿಲ್ಲ. ಬದನೆ, ಬೆಂಡೆ, ಕ್ಯಾರೆಟನ್ನು ಪೇಟೆಯಿಂದಲೇ ತನ್ನಿ. ಆದರೆ ಸೊಪ್ಪಿನ ಮಾತು ಬೇರೆ. ಅದು ಬೇಗ ಬಾಡುತ್ತದೆ, ಮಳೆಗಾಲದಲ್ಲಿ ಕೊಳೆಯುತ್ತದೆ, ಎಂಥ ನೀರಿನಲ್ಲಿ ಬೆಳೆದಿದೆಯೋ ತಿಳಿಯುವುದಿಲ್ಲ. ಬೇಕಾದ ಸಂಜೆ ಮನೆಯಲ್ಲಿ ಇರುವುದೂ ಇಲ್ಲ. ಬಾಗಿಲ ಪಕ್ಕದ ಕುಂಡದಲ್ಲಿ ಮೆಂತ್ಯ ನಿಂತಿದ್ದರೆ ಮಾತ್ರ, ಕುಕ್ಕರ್ ಕೂಗುವಷ್ಟರಲ್ಲಿ ಒಂದು ಹಿಡಿ ಕಿತ್ತು ತರಲು ಮನಸ್ಸು ಬರುತ್ತದೆ. ವೈದ್ಯರ ಎಷ್ಟೋ ಉಪದೇಶಕ್ಕಿಂತ ಆ ಹತ್ತು ಹೆಜ್ಜೆಯ ದೂರ ಹೆಚ್ಚು ಕೆಲಸ ಮಾಡುತ್ತದೆ.

ಪಾಲು ಬದಲಾಗಲಿ

ಮಾಂಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನೀವು ಕೇಳುವುದಿಲ್ಲ ಎಂಬುದು ಒಂದು ಕಾರಣ. ಹೇಳುವ ಅಗತ್ಯವೂ ಇಲ್ಲ ಎಂಬುದು ಇನ್ನೊಂದು. ಪಾತ್ರೆಯೊಳಗಿನ ಪಾಲು ಬದಲಾದರೆ ಸಾಕು. ಒಂದು ಕಿಲೋ ಮಟನ್‌ಗೆ ಎರಡು ಕಡ್ಡಿ ಕೊತ್ತಂಬರಿ ಎಂಬ ಲೆಕ್ಕ ಹೋಗಿ, ಕಾಲು ಕಿಲೋ ಮಟನ್‌ಗೆ ಮುಕ್ಕಾಲು ಕಿಲೋ ತರಕಾರಿ ಎಂಬ ಲೆಕ್ಕ ಬರಲಿ.

ಇದು ಹೊಸದಲ್ಲ. ನಮ್ಮ ಹಿರಿಯರ ಸಾಲನ್‌ಗಳ ಹೆಸರನ್ನೇ ನೆನಪಿಸಿಕೊಳ್ಳಿ: ಮೇಥಿ ಗೋಷ್ತ್, ಪಾಲಕ್ ಗೋಷ್ತ್, ಪುಂಡಿ ಸೊಪ್ಪಿನ ಅಂಬಾಡಾ ಗೋಷ್ತ್, ಸೋರೆಕಾಯಿ ಹಾಕಿದ ದಾಲ್ಚಾ. ಸೊಪ್ಪಿನ ಹೆಸರೇ ಮೊದಲು, ಮಾಂಸ ಅದರ ಹಿಂದೆ. ಮಾಂಸ ತುಟ್ಟಿಯಾಗಿದ್ದ ಕಾಲದಲ್ಲಿ ಎಲ್ಲರಿಗೂ ರುಚಿ ತಲುಪಿಸಲು ಅವರು ಕಂಡುಕೊಂಡ ದಾರಿ ಅದು. ಈಗ ಮದುವೆಯ ಊಟವೇ ಭಾನುವಾರದ ಊಟವಾಗಿ, ಸಾಲನ್‌ನಿಂದ ಸೊಪ್ಪು ಸದ್ದಿಲ್ಲದೆ ಹೊರಟುಹೋಗಿದೆ. ಪ್ರವಾದಿವರ್ಯರಿಗೆ(ಸ) ಸೋರೆಕಾಯಿ ಇಷ್ಟವಾಗಿತ್ತೆಂಬ ಅನಸ್‌ರ(ರ) ವರದಿ ನಿಮಗೆ ಗೊತ್ತೇ ಇದೆ. ಒಬ್ಬ ದರ್ಜಿ ಕೊಟ್ಟ ಔತಣದ ಮಾತು ಅದು. ಅಲ್ಲಿ ಬಡಿಸಿದ್ದು ಸೋರೆಯೂ ಒಣಮಾಂಸವೂ ಕೂಡಿದ ಸಾರು ಮತ್ತು ಬಾರ್ಲಿ ರೊಟ್ಟಿ. ತಟ್ಟೆಯಲ್ಲಿ ಪ್ರವಾದಿ(ಸ) ಹುಡುಕಿ ತಿಂದದ್ದು ಮಾಂಸದ ತುಂಡನ್ನಲ್ಲ, ಸೋರೆಯ ಹೋಳನ್ನು.

ಯುನಾನಿ ವೈದ್ಯದಲ್ಲಿ ಪ್ರತಿ ಆಹಾರಕ್ಕೂ ಒಂದು ಮಿಜಾಜ್ ಇದೆ. ಕುರಿ ಮಾಂಸ ಉಷ್ಣ, ಸೋರೆಕಾಯಿ ಶೀತ ಮತ್ತು ತೇವ. ಒಂದರ ಅತಿಯನ್ನು ತಿದ್ದುವ ಇನ್ನೊಂದನ್ನು ‘ಮುಸ್ಲೇಹ್’ ಎನ್ನುತ್ತೇವೆ. ದಾಲ್ಚಾದಲ್ಲಿ ಸೋರೆ ಆ ಕೆಲಸವನ್ನೇ ಮಾಡುತ್ತದೆ. ಇಂದಿನ ಪೋಷಣಾ ವಿಜ್ಞಾನ ಬೇರೆ ಭಾಷೆಯಲ್ಲಿ ಹೇಳುವುದೂ ಈ ಜೋಡಿಯ ಪರವಾಗಿಯೇ ಇದೆ. ಸೊಪ್ಪು, ಬೇಳೆಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಸ್ವಲ್ಪ ಮಾಂಸವಿದ್ದರೆ, ಇಲ್ಲವೇ ನಿಂಬೆಹುಳಿ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ.

ಕಬ್ಬಿಣಾಂಶದ ಮಾತು ಬಂದದ್ದರಿಂದ ಒಂದು ವಿಷಯವನ್ನು ನೇರವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಮಾಂಸ ಬೇಯುವ ಮನೆಯಲ್ಲಿ ರಕ್ತಹೀನತೆ ಹೇಗೆ ಎಂದು ಗಂಡಸರು ಆಶ್ಚರ್ಯಪಡುತ್ತಾರೆ. ಕೊನೆಯಲ್ಲಿ ಊಟಕ್ಕೆ ಕೂರುವವರು ಯಾರು, ಆ ಹೊತ್ತಿಗೆ ಪಾತ್ರೆಯಲ್ಲಿ ಉಳಿದಿರುವುದು ಏನು ಎಂದು ಒಮ್ಮೆ ನೋಡಿದರೆ ಉತ್ತರ ಸಿಗುತ್ತದೆ. ತುಂಡುಗಳು ಎಣಿಕೆಯಲ್ಲಿ ಮುಗಿಯುತ್ತವೆ, ಗಂಡಸರಿಗೆ, ಅತಿಥಿಗಳಿಗೆ, ಗಂಡುಮಕ್ಕಳಿಗೆ. ತಾಯಿಗೆ ಸಿಗುವುದು ಎಣ್ಣೆ ತೇಲುವ ಗ್ರೇವಿ ಮತ್ತು ಅನ್ನ. ಸೊಪ್ಪು ಬೆರೆತ ಸಾಲನ್ನನ್ನು ಹೀಗೆ ಆರಿಸಿ ಖಾಲಿ ಮಾಡಲಾಗುವುದಿಲ್ಲ. ಕೊನೆಯ ಸೌಟಿನಲ್ಲೂ ಮೊದಲ ಸೌಟಿನಲ್ಲಿದ್ದುದೇ ಇರುತ್ತದೆ. ಹಾಗೆಂದು ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿಳಿದವರು, ಗರ್ಭಿಣಿಯರು ಸೊಪ್ಪನ್ನೇ ನಂಬಿ ಕೂರಬಾರದು. ಕಬ್ಬಿಣದ ಮಾತ್ರೆ ಬೇಕೇ ಬೇಕು.

ಕುಂಡಗಳ ಕೆಲಸ

ಸೊಪ್ಪಿಗೆ ದಿನಕ್ಕೆ ನಾಲ್ಕು ಗಂಟೆ ಬಿಸಿಲು ಸಾಕು. ಸೋರೆ, ಟೊಮೆಟೊ, ಮೆಣಸಿಗೆ ಆರು ಗಂಟೆಯಾದರೂ ಬೇಕು. ದುಡ್ಡು ಕೊಟ್ಟು ಕುಂಡ ತರುವ ಅಗತ್ಯವಿಲ್ಲ. ಒಡೆದ ಬಕೆಟು, ಹಳೆಯ ಟಬ್ಬು, ಎಣ್ಣೆಯ ಡಬ್ಬ, ಹಣ್ಣಿನಂಗಡಿಯ ಪ್ಲಾಸ್ಟಿಕ್ ಕ್ರೇಟು ಯಾವುದಾದರೂ ಆದೀತು. ಸೊಪ್ಪಿಗೆ ಒಂದು ಗೇಣು ಆಳವಿದ್ದರೆ ಸಾಲುತ್ತದೆ. ತಳದಲ್ಲಿ ಐದಾರು ತೂತು ಇರಲೇಬೇಕು. ನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಹುಡಿ ಬೆರೆಸಿ ತುಂಬಿ. ನಾರಿನ ಹುಡಿ ತೇವವನ್ನು ಹಿಡಿದಿಡುತ್ತದೆ, ತಾರಸಿಯ ಮೇಲಿನ ಭಾರವನ್ನೂ ಇಳಿಸುತ್ತದೆ.

ಆಡಿನ ಹಿಕ್ಕೆ ಒಳ್ಳೆಯ ಗೊಬ್ಬರ. ಆದರೆ ಹಸಿಯಾಗಿ ಹಾಕಬೇಡಿ, ಮಣ್ಣು ಬೆರೆಸಿ ಮೂರು ನಾಲ್ಕು ತಿಂಗಳು ಕಳಿಯಲು ಬಿಡಿ. ಬಕ್ರೀದಿನ ಸಮಯದಲ್ಲಿ ಕೆಲವರು ಕುರ್ಬಾನಿಯ ರಕ್ತವನ್ನೂ ಕರುಳಿನ ಕಸವನ್ನೂ ಹೂಕುಂಡಕ್ಕೆ ಸುರಿಯುವುದುಂಟು. ನೊಣ, ದುರ್ನಾತ ಬಿಟ್ಟರೆ ಅದರಿಂದ ಬರುವ ಲಾಭವೇನೂ ಇಲ್ಲ. ಅದರ ಜಾಗ ಆಳವಾದ ಗುಂಡಿ, ಇಲ್ಲವೇ ಸ್ಥಳೀಯ ಆಡಳಿತ ಮಾಡಿರುವ ವ್ಯವಸ್ಥೆ.

ಮೊದಲ ಬಾರಿಗೆ ನಾಲ್ಕೇ ಬೆಳೆ ಸಾಕು. ಮೆಂತ್ಯಕ್ಕೆ ಬೀಜದಂಗಡಿಗೆ ಹೋಗಬೇಕಾಗಿಲ್ಲ, ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಆದೀತು. ರಾತ್ರಿ ನೆನೆಸಿ, ಬೆಳಗ್ಗೆ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚಿ. ನಾಲ್ಕೈದು ದಿನದಲ್ಲಿ ಮೊಳಕೆ, ತಿಂಗಳೊಳಗೆ ಸೊಪ್ಪು. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಅದು ಸೋಮಾರಿ, ಏಳಲು ಹತ್ತು ದಿನ ಬೇಕು. ಅಷ್ಟರಲ್ಲಿ ಬೀಜ ಸತ್ತಿದೆಯೆಂದು ಮಣ್ಣು ಕೆದಕುವವರೇ ಹೆಚ್ಚು. ಹರಿವೆ ಬೀಜ ಸಾಸಿವೆಗಿಂತ ಸಣ್ಣದು, ಒಂದು ಹಿಡಿ ಮರಳಿನಲ್ಲಿ ಬೆರೆಸಿ ಉದುರಿಸಿ. ನಾಲ್ಕನೆಯದು ಪುದೀನ. ಪೇಟೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ದಂಟುಗಳನ್ನು ಆರಿಸಿ, ಎಲೆ ಬಿಡಿಸಿ ಅಡುಗೆಗೆ ಬಳಸಿ, ದಂಟನ್ನು ನೀರಿನ ಲೋಟದಲ್ಲಿಡಿ. ವಾರದಲ್ಲಿ ಬೇರು ಬಿಡುತ್ತದೆ. ಅದಕ್ಕೆ ಬೇರೆಯೇ ಕುಂಡ ಕೊಡಿ, ಇಲ್ಲದಿದ್ದರೆ ನೆರೆಯವರ ಜಾಗವನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ಹರಿವೆಯನ್ನು ಬುಡಸಮೇತ ಕೀಳದೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಪ್ರತಿ ಹದಿನೈದು ದಿನಕ್ಕೆ ಇನ್ನೊಂದು ಡಬ್ಬದಲ್ಲಿ ಹೊಸ ಬಿತ್ತನೆ ಮಾಡಿ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಸೊಪ್ಪಿನ ಸಂತೆ, ಆಮೇಲೆ ತಿಂಗಳು ಖಾಲಿ.

ನೀರಿನ ಚಿಂತೆಯೇ? ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲ. ಒಂದು ಟಬ್ಬಿನಲ್ಲಿ ಹಿಡಿದು ಗಿಡದ ಬುಡಕ್ಕೆ ಹಾಕಿ, ಎಲೆಯ ಮೇಲೆ ಬೇಡ. ಅಕ್ಕಿ-ಬೇಳೆ ತೊಳೆದ ನೀರೂ ಆಗುತ್ತದೆ, ಪಾತ್ರೆ ತೊಳೆದ ಸಾಬೂನು ನೀರು ಬೇಡ. ಕುಂಡದ ಕೆಳಗಿನ ತಟ್ಟೆಯನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರೇ ಸಾಕು. ಸೊಪ್ಪಿಗಾಗಿ ತೋಟ ಮಾಡಿ ಮನೆಗೆ ಡೆಂಗಿ ತಂದುಕೊಳ್ಳಬಾರದು. ಹೇನು ಕಂಡರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ದ್ರವ ಸಾಬೂನು ಕಲಕಿ ಸಂಜೆ ಸಿಂಪಡಿಸಿ. ಆಮೇಲೆ ಕೆಲವು ದಿನ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ. ಕರಾವಳಿಯ ಜಡಿಮಳೆಯಲ್ಲಿ ಮೆಂತ್ಯ, ಕೊತ್ತಂಬರಿ ಬದುಕುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ ಅವುಗಳ ಕಾಲ. ಬಸಳೆಯ ಒಂದು ದಂಟನ್ನು ಗೋಡೆಯ ಬುಡದಲ್ಲಿ ಊರಿಟ್ಟರೆ ಉಳಿದ ದಿನಗಳನ್ನು ಅದು ನೋಡಿಕೊಳ್ಳುತ್ತದೆ.

ಒಲೆಯ ಮೇಲೆ

ಸೊಪ್ಪನ್ನು ಹೆಚ್ಚುವ ಮೊದಲು ತೊಳೆಯಿರಿ, ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿನೊಂದಿಗೆ ಹೋಗುತ್ತದೆ. ಬೇಯಿಸಿದ ನೀರನ್ನು ಚೆಲ್ಲಬೇಡಿ. ಹರಿವೆ, ಮೆಂತ್ಯ, ಪಾಲಕ್ ಬೇಯಲು ಐದಾರು ನಿಮಿಷ ಸಾಕು. ಮಾಂಸದ ಜೊತೆ ಕುಕ್ಕರಿಗೆ ಹಾಕಿ ನಾಲ್ಕು ಕೂಗು ಕೂಗಿಸಿದರೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಮಾಂಸ ಬೆಂದ ಮೇಲೆ ಕೊನೆಗೆ ಸೊಪ್ಪು, ಒಲೆ ಆರಿಸಿದ ಮೇಲೆ ನಿಂಬೆರಸ.

ದಾಲ್ಚಾ ಐದು ಮಂದಿಗೆ ಹೀಗೆ ಮಾಡಿ ನೋಡಿ. ಒಂದು ಲೋಟ ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಅರೆಬರೆ ಮಸೆಯಿರಿ. ಕುಕ್ಕರಿನಲ್ಲಿ ಎರಡು ದೊಡ್ಡ ಚಮಚ ಎಣ್ಣೆ, ಅದಕ್ಕಿಂತ ಹೆಚ್ಚು ಬೇಡ. ಎರಡು ಈರುಳ್ಳಿ ಕೆಂಪಾದ ಮೇಲೆ ಶುಂಠಿ-ಬೆಳ್ಳುಳ್ಳಿ, ಮೆಣಸಿನ ಪುಡಿ, ಎರಡು ಟೊಮೆಟೊ, ಮೂಳೆ ಸಹಿತ ಕಾಲು ಕಿಲೋ ಮಟನ್ ಹಾಕಿ ಬೇಯಿಸಿ. ಅದಕ್ಕೆ ಬೇಳೆ ಮತ್ತು ಮುಕ್ಕಾಲು ಕಿಲೋ ಸೋರೆಯ ದಪ್ಪ ಹೋಳುಗಳನ್ನು ಸೇರಿಸಿ ಮುಚ್ಚಳ ಮುಚ್ಚಿ. ಹೋಳು ಬೆಂದ ನಂತರವೇ ಹುಣಸೆರಸ ಬಿಡಿ, ಮೊದಲೇ ಹುಳಿ ಬಿದ್ದರೆ ಸೋರೆ ಬೇಗ ಮೆದುವಾಗುವುದಿಲ್ಲ. ಇಳಿಸುವಾಗ ಕರಿಬೇವು ಮತ್ತು ಕುಂಡದ ಪುದೀನ-ಕೊತ್ತಂಬರಿ ಎರಡು ಹಿಡಿ, ಚಿಟಿಕೆಯಲ್ಲ. ಇದೇ ಲೆಕ್ಕದಲ್ಲಿ ಮೇಥಿ ಗೋಷ್ತ್ ಮಾಡಬಹುದು. ಮಾಂಸವಿಲ್ಲದ ದಿನ ತೊಗರಿಬೇಳೆಗೆ ಹರಿವೆ, ಬೆಳ್ಳುಳ್ಳಿ ಒಗ್ಗರಣೆ. ಇಪ್ಪತ್ತು ನಿಮಿಷದ ಅಡುಗೆ.

ಊಟವಾದ ಕೂಡಲೇ ಸುಲೈಮಾನಿ ಕುಡಿಯುವ ಅಭ್ಯಾಸ ಹಲವರಿಗಿದೆ. ಚಹಾ ಸೊಪ್ಪಿನ ಕಬ್ಬಿಣಾಂಶವನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಬಿಡುತ್ತದೆ. ಒಂದು ಗಂಟೆ ತಡೆಯಿರಿ, ರಕ್ತಹೀನತೆ ಇರುವ ಹೆಣ್ಣುಮಕ್ಕಳಂತೂ ತಡೆಯಲೇಬೇಕು.

ಎಲ್ಲರಿಗೂ ಎಲ್ಲ ಸೊಪ್ಪೂ ಹಿಡಿಸದು. ಮೂತ್ರಪಿಂಡದಲ್ಲಿ ಕಲ್ಲಾದವರು ಪಾಲಕ್, ಹರಿವೆ ಮಿತಿಯಲ್ಲಿ ತಿನ್ನಲಿ. ಮೂತ್ರಪಿಂಡ ಸೋತವರು ತಮ್ಮ ವೈದ್ಯರನ್ನು ಕೇಳದೆ ಸೊಪ್ಪು ಹೆಚ್ಚಿಸಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ಒಂದು ವಾರ ತುಂಬಾ, ಇನ್ನೊಂದು ವಾರ ಇಲ್ಲ ಎಂದು ಮಾಡದೆ ಅಳತೆ ಒಂದೇ ಇಟ್ಟುಕೊಳ್ಳಲಿ. ಸಕ್ಕರೆ ಕಾಯಿಲೆಯವರು ಮೆಂತ್ಯ ಶುರುಮಾಡಿ ಮಾತ್ರೆ ನಿಲ್ಲಿಸುವುದನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಸೋರೆ ಬೆಳೆಯಲು ಆಸೆಯಿದ್ದರೆ ದೊಡ್ಡ ಡ್ರಮ್ಮು, ಗಟ್ಟಿ ಚಪ್ಪರ ಬೇಕು. ಅದರ ಬಿಳಿ ಹೂ ಅರಳುವುದು ಮಗ್ರಿಬ್ ಹೊತ್ತಿಗೆ. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ತಾರಸಿಗೆ ಕೀಟಗಳು ಬರದಿದ್ದರೆ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಮಕ್ಕಳಿಗೆ ಈ ಕೆಲಸ ಬಹಳ ಇಷ್ಟ. ಕಾಯಿ ಬಂದ ಮೇಲೆ ಒಂದು ಎಚ್ಚರ. ಪೇಟೆಯದಾಗಲಿ ಮನೆಯದಾಗಲಿ, ಹೆಚ್ಚಿದಾಗ ಒಂದು ಚೂರನ್ನು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಬೇಯಿಸಿದರೆ, ಉಪ್ಪು ಹಾಕಿದರೆ ಆ ವಿಷ ಹೋಗುವುದಿಲ್ಲ. ಔಷಧವೆಂದು ಬೆಳಗ್ಗೆ ಖಾಲಿ ಹೊಟ್ಟೆಗೆ ಸೋರೆ ರಸ ಕುಡಿಯುವವರು, ಕಹಿಯಿದ್ದಷ್ಟೂ ಒಳ್ಳೆಯದು ಎಂದು ಕಣ್ಣುಮುಚ್ಚಿ ಕುಡಿದು ಪ್ರಾಣಕ್ಕೆ ಕುತ್ತು ತಂದುಕೊಂಡದ್ದುಂಟು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ, ನನ್ನಂಥ ಹಕೀಮರ ಬಳಿಗೂ ಬರದೆ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ.