ಕಾಲಡಿಯ ನೆಲತಾಳೆ



ವರ್ಷಾವಾಸದ ಓದು ಮನೆಮನೆಯಲ್ಲಿ ನಡೆದಿದೆ. ಮೂರು ತಿಂಗಳು ಭಿಕ್ಖುಗಳು ಒಂದೇ ಕಡೆ ನಿಲ್ಲುವ ಈ ನಿಯಮ ಯಾಕೆ ಬಂತು? ಮಳೆಗಾಲದಲ್ಲೂ ಇವರು ಹಸಿರು ತುಳಿಯುತ್ತ, ಸಣ್ಣ ಜೀವಗಳನ್ನು ಹೊಸಕುತ್ತ ತಿರುಗುತ್ತಾರೆ ಎಂದು ಜನ ದೂರಿದ್ದರಿಂದ. ವಿನಯಪಿಟಕದ ಮಹಾವಗ್ಗದಲ್ಲಿದೆ. ಆಕಾಶದಿಂದ ಇಳಿದ ಆಜ್ಞೆಯಲ್ಲ, ಜನರ ದೂರು ಕೇಳಿ ಭಗವಾನರು ಮಾಡಿದ ನಿಯಮ. ನನಗೆ ಇದು ಬಹಳ ಹಿಡಿಸುತ್ತದೆ.

ತುಳಿದರೂ ಗೊತ್ತಾಗದ ಒಂದು ಗಿಡವಿದೆ, ನೆಲತಾಳೆ. ವಾಡಿ, ಶಹಾಬಾದ ಕಡೆ ನಮಗೆ ಕಾಣುವುದು ಫರ್ಸಿ ಗಣಿ, ಸಿಮೆಂಟ್ ಧೂಳು. ಕಾಡು ಎಂದರೆ ಚಿಂಚೋಳಿಯೇ. 2011ರಲ್ಲಿ ಅಭಯಾರಣ್ಯವಾದ, ಬೇಸಿಗೆಗೆ ಎಲೆ ಉದುರಿಸುವ ಕಾಡು. ನೆಲತಾಳೆ ಇಂಥ ಕಾಡುಗಳ ಗಿಡ. ಗೇಣುದ್ದ, ಎಳೆ ತಾಳೆ ಸಸಿಯಂತೆ ಮಡಿಕೆ ಎಲೆ. ಮಳೆ ಬಿದ್ದ ಮೇಲೆ ಬುಡದಲ್ಲಿ, ಮಣ್ಣಿಗೆ ಅಂಟಿದಂತೆ, ಆರು ಎಸಳಿನ ಹಳದಿ ಹೂ. ಕಾಯಿ ಕಟ್ಟುವುದೂ ಮಣ್ಣೊಳಗೇ. ಬೇಸಿಗೆಗೆ ಎಲೆ ಒಣಗುತ್ತದೆ, ಗಡ್ಡೆ ಉಳಿಯುತ್ತದೆ. ಎಲೆಯ ತುದಿ ಬಾಗಿ ನೆಲ ಮುಟ್ಟಿದರೆ ಅಲ್ಲೊಂದು ಹೊಸ ಸಸಿ!

ಗಿಡ ಕಡಿಯಬಾರದೆಂಬ ನಿಯಮ ವಿವರಿಸುವಾಗ ವಿನಯವು ಬೀಜ ಐದು ಬಗೆ ಎನ್ನುತ್ತದೆ: ಬೇರು, ಕಾಂಡ, ಗೆಣ್ಣು, ತುದಿ, ಬೀಜ. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ಮೂರು ಈ ಪುಟ್ಟ ಗಿಡವೊಂದರಲ್ಲೇ ಇವೆ.

ಆದರೂ ಅದು ಕಡಿಮೆಯಾಗುತ್ತಿದೆ. ಆಯುರ್ವೇದದವರು ಇದರ ಗಡ್ಡೆಯನ್ನು ಕಾಳಿ ಮುಸಲಿ ಎನ್ನುತ್ತಾರೆ. ಗಡ್ಡೆ ಕಿತ್ತರೆ ಗಿಡವೇ ಹೋಯಿತು.

ಹಾಗಾದರೆ ಅಗೆಯುವವರು ಪಾಪಿಗಳೇ? ಕೂಲಿ ಇಲ್ಲದ ದಿನ ಬೇರು ಅಗೆದು ಮಾರುವವರು ಯಾರೆಂದು ನಮಗೆ ಗೊತ್ತು, ಹೊಲವಿಲ್ಲದ ನಮ್ಮಂಥವರೇ. ಅಹಿಂಸೆಯ ವಿಷಯದಲ್ಲಿ ಬಾಬಾಸಾಹೇಬರು ಕೊಲ್ಲುವ ಅಗತ್ಯವನ್ನೂ ಕೊಲ್ಲುವ ಇಚ್ಛೆಯನ್ನೂ ಬೇರೆ ಮಾಡಿ ತೋರಿಸಿದರು. ಔಷಧಕ್ಕೆ, ಹೊಟ್ಟೆಗೆ ನಾಲ್ಕು ಗಡ್ಡೆ ಅಗತ್ಯ. ಒಂದನ್ನೂ ಬಿಡದೆ ಚೀಲ ತುಂಬಿಸಿಕೊಳ್ಳುವ ವ್ಯಾಪಾರಿಯದು ಲೋಭ. ಪ್ರಶ್ನೆ ಕೇಳಬೇಕಾದ್ದು ಅವನನ್ನು.

ಸಾಮ್ರಾಟ್ ಅಶೋಕ ಗಿಡಮೂಲಿಕೆ, ಬೇರು, ಹಣ್ಣು ಇಲ್ಲದ ಕಡೆ ತರಿಸಿ ನೆಡಿಸಿದೆನೆಂದು 2ನೆಯ ಬಂಡೆ ಶಾಸನದಲ್ಲಿ ಬರೆಸಿದ್ದಾನೆ. (ನಮ್ಮ ಸನ್ನತಿಯ ಕಲ್ಲಿನಲ್ಲಿರುವುದು 12 ಮತ್ತು 14ನೆಯದು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ಗಿಡದ ಮಾತು ಗಿರ್ನಾರಿನಲ್ಲಿ ಸಿಗುತ್ತದೆ.) ಅಭಯಾರಣ್ಯದೊಳಗೆ ಏನನ್ನೂ ಅಗೆಯುವಂತಿಲ್ಲ. ಹೊರಗೆ ಅಗೆಯುವವರಿಗೆ ಇಷ್ಟು ತಿಳಿಸಿ: ಕಣ್ಣಿರುವ ಒಂದು ತುಂಡು ಗಡ್ಡೆಯನ್ನು ಅದೇ ಕುಣಿಗೆ ಹಾಕಿ ಮಣ್ಣು ಮುಚ್ಚಿದರೆ ಅದು ಮತ್ತೆ ಚಿಗುರುತ್ತದೆ.

ಜೈ ಭೀಮ್.