ಪುನರುಜ್ಜೀವನದ ಪಾಠಕ್ಕೆ ಸರಳೆ ವರಸೆ

ಪುನರುಜ್ಜೀವನದ ಪಾಠದಲ್ಲಿ ಪ್ರಶಿಕ್ಷಣಾರ್ಥಿಗಳು ಲಿಯೊನಾರ್ಡೊ, ಮೈಕೆಲೇಂಜೆಲೊ ಚಿತ್ರಗಳನ್ನು ತೋರಿಸುತ್ತಾರೆ. ಸಂಗೀತದ ಮಾತು ಬಂದಾಗ ಎರಡು ಹೆಸರು ಬರೆಸಿ ಮುಂದೆ ಹೋಗುವುದೇ ಹೆಚ್ಚು. ಕಿವಿಗೆ ಬೀಳದ ಸಂಗೀತದ ಚರಿತ್ರೆ ಮಕ್ಕಳಿಗೆ ಬರಿಯ ಕಂಠಪಾಠವಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಯಾವುದೇ ಶಾಲೆಯಲ್ಲಿ ವಾದ್ಯವಿಲ್ಲದೆ ಮಾಡಬಹುದಾದ ಪಾಠ ಇಲ್ಲಿದೆ.

ಪೂರ್ವಜ್ಞಾನ: ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಕ್ಷೇತ್ರ. ನೀಲಗಾರರು ತಂಬೂರಿ ಮೀಟುತ್ತಾ ಕಥೆ ಹಾಡುವುದನ್ನು ಮಕ್ಕಳಿಗೆ ನೆನಪಿಸಿ. ತಂಬೂರಿಯ ಶ್ರುತಿ ನಿಂತೇ ಇರುತ್ತದೆ. ಹಾಡು ಅದರ ಮೇಲೆ ನಡೆಯುತ್ತದೆ. ಇಲ್ಲಿ ನಡೆಯುವ ಎಳೆ ಎಷ್ಟು ಎಂದು ಕೇಳಿ. ಒಂದು ಎಂಬ ಉತ್ತರ ಬರಬೇಕು.

ಹಂತ 1: ತರಗತಿಯೆಲ್ಲ ಮಾಯಾಮಾಳವಗೌಳದ ಸರಳೆ ವರಸೆಯ ಆರೋಹಣವನ್ನು ನಿಧಾನವಾಗಿ ಒಂದೇ ದನಿಯಲ್ಲಿ ಹಾಡಲಿ. ಮಧ್ಯಯುಗದ ಕ್ರೈಸ್ತ ಮಠಗಳ ಗ್ರೆಗೋರಿಯನ್ ಗಾಯನವೂ ಏಕಧ್ವನಿಯದು. 11ನೇ ಶತಮಾನದಲ್ಲಿ ಅರೆಟ್ಸೊದ ಗೈಡೊ ಗೆರೆಗಳ ಮೇಲೆ ಸ್ವರ ಗುರುತಿಸುವುದನ್ನೂ ಉತ್, ರೆ, ಮಿ, ಫಾ, ಸೋಲ್, ಲಾ ಎಂದು ಹಾಡಿಸುವುದನ್ನೂ ರೂಢಿಗೆ ತಂದನು.

ಹಂತ 2: ತರಗತಿಯನ್ನು ಎರಡು ಗುಂಪು ಮಾಡಿ. ಮೊದಲ ಗುಂಪು ‘ಪ’ ತಲುಪಿದಾಗ ಎರಡನೆಯದು ‘ಸ’ ಹಿಡಿಯಲಿ. ಮೊದಲ ಗುಂಪು ಮೇಲಿನ ‘ಸ’ ಮುಟ್ಟಿದೊಡನೆ ಎರಡೂ ನಿಲ್ಲಲಿ. ಸ–ಪ, ರಿ–ದ, ಗ–ನಿ, ಮ–ಸ: ಈ ರಾಗದಲ್ಲಿ ನಾಲ್ಕು ಜೋಡಿಗಳ ಅಂತರವೂ ಒಂದೇ. ಯುರೋಪಿನ ಆರಂಭದ ಬಹುಧ್ವನಿಯಲ್ಲಿ ಇಂಥ ಅಂತರಕ್ಕೇ ಪ್ರಾಧಾನ್ಯ. ಕ್ರಿ.ಶ. 1200ರ ಹೊತ್ತಿಗೆ ಪ್ಯಾರಿಸ್ಸಿನ ಪೆರೊಟಿನ್ ನಾಲ್ಕು ಎಳೆಗಳವರೆಗೆ ಹೆಣೆದನು.

ಹಂತ 3: ಈಗ ಮೊದಲ ಗುಂಪು ‘ಗ’ ತಲುಪಿದಾಗಲೇ ಎರಡನೆಯದು ಆರಂಭಿಸಲಿ. ಸ–ಗ, ರಿ–ಮ, ಗ–ಪ ಎಂದು ಹತ್ತಿರದ ಜೋಡಿಗಳು ಕೇಳುತ್ತವೆ. 15ನೇ ಶತಮಾನದಲ್ಲಿ ದುಫಾಯ್ ಮೊದಲಾದವರ ರಚನೆಗಳಲ್ಲಿ ಮೇಲುಗೈ ಪಡೆದದ್ದು ಈ ಮಾಧುರ್ಯ. ಒಂದು ದನಿಯನ್ನು ಇನ್ನೊಂದು ಹಿಂಬಾಲಿಸುವ ಅನುಕರಣೆಯನ್ನು ಜೋಸ್ಕಿನ್ (ಮರಣ 1521) ಎತ್ತರಕ್ಕೆ ಒಯ್ದನು. 1501ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಬಹುಧ್ವನಿ ಸಂಗೀತವನ್ನು ಅಚ್ಚು ಹಾಕಿದ ಮೇಲೆ ರಚನೆಗಳು ದೂರದೂರಕ್ಕೆ ಹರಡಿದವು.

ಮೌಲ್ಯಮಾಪನ: ಯಾವ ಹಂತ ಹಿತವಾಯಿತು, ಏಕೆ? ಮೂರನೆಯ ಹಂತವನ್ನು ನೂರು ಜನ ತಪ್ಪಿಲ್ಲದೆ ಹಾಡಲು ಬರವಣಿಗೆ ಏಕೆ ಬೇಕು?

ಎಚ್ಚರಿಕೆ: ‘ಅವರದು ಒಂದರಿಂದ ನಾಲ್ಕಾಯಿತು, ನಮ್ಮದು ಒಂದರಲ್ಲೇ ಉಳಿಯಿತು’ ಎಂದು ಮಕ್ಕಳು ಬರೆದುಕೊಂಡು ಹೋದರೆ ಪಾಠ ಸೋತಂತೆ. ಜೋಸ್ಕಿನ್ ಬದುಕಿದ್ದಾಗಲೇ ಇಲ್ಲಿ ಪುರಂದರದಾಸರು (1484–1564) ಹಾಡುತ್ತಿದ್ದರು. ಮಕ್ಕಳು ಈಗಷ್ಟೇ ಹಾಡಿದ ವರಸೆಯ ಕ್ರಮವನ್ನು ಸಂಪ್ರದಾಯ ಅವರಿಗೇ ಸಲ್ಲಿಸುತ್ತದೆ. 1550ರಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯಲ್ಲಿ ರಾಗಗಳನ್ನು ಮೇಳಗಳಾಗಿ ವಿಂಗಡಿಸಿದನು. ಅಲ್ಲಿ ಎಳೆಗಳು ಹೆಚ್ಚಿದವು. ಇಲ್ಲಿ ಒಂದೇ ಎಳೆಯೊಳಗೆ ರಾಗ, ಗಮಕ, ತಾಳಗಳು ಬೆಳೆದವು. ಎರಡೂ ಬೆಳವಣಿಗೆಯೇ ಎಂದು ಮಗು ತನ್ನ ಮಾತಿನಲ್ಲಿ ಹೇಳುವಂತಾದರೆ ಉದ್ದೇಶ ಈಡೇರಿದಂತೆ.